ಅದೃಷ್ಟ ಕೈಕೊಟ್ಟಾಗ ಬೊಯೀಥಿಯಸ್ ಜೊತೆ ಕೂತಿದ್ದು

ಕಷ್ಟದಲ್ಲಿರುವಾಗ ತತ್ವಶಾಸ್ತ್ರ ಓದಿದರೆ ಸಮಾಧಾನ ಸಿಗುತ್ತಾ? ನನಗೆ ಸಿಕ್ಕಿತು. ಆದರೆ ಸುಮ್ನೆ ಓದಿ ಮುಗಿಸಿದ್ದರಿಂದ ಅಲ್ಲ, ಪುಸ್ತಕದ ಜೊತೆ ವಾದಕ್ಕೆ ಕೂತಿದ್ದರಿಂದ. ಯಾವ ಭಾಗ ಮೊದಲು, ಯಾವುದು ಆಮೇಲೆ ಅನ್ನುವುದೂ ಅಷ್ಟೇ ಮುಖ್ಯವಾಯಿತು.

ನನ್ನದೊಂದು ಪ್ರಿಂಟಿಂಗ್ ಪ್ರೆಸ್ ಇತ್ತು. ದೊಡ್ಡ ಗಿರಾಕಿಯೊಬ್ಬರು ಬಾಕಿ ಕೊಡದೆ ಕೈ ಎತ್ತಿದರು. ಸಾಲ ಕೊಟ್ಟವರು ಕಾಯಲಿಲ್ಲ. ಆಫ್‌ಸೆಟ್ ಮೆಷಿನ್ ಮಾರಿ ಬಾಗಿಲು ಹಾಕಿದೆ. ನೋಡಲು ಬಂದವರೆಲ್ಲ 'ಆಗೋದೆಲ್ಲ ಒಳ್ಳೇದಕ್ಕೇ' ಅಂದರು. ಆ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು.

ಆಗ ಹಿಡಿದದ್ದು ಬೊಯೀಥಿಯಸ್‌ನ 'ತತ್ವಶಾಸ್ತ್ರದ ಸಾಂತ್ವನ'. ರೋಮಿನ ದೊಡ್ಡ ಮನೆತನದವನು. ಕ್ರಿ.ಶ. 510ರಲ್ಲಿ ಕಾನ್ಸಲ್ ಆಗಿದ್ದ, ಅಂದರೆ ರೋಮಿನ ಅತಿ ದೊಡ್ಡ ಗೌರವದ ಪದವಿ. 522ರಲ್ಲಿ ಇಬ್ಬರು ಗಂಡುಮಕ್ಕಳೂ ಒಟ್ಟಿಗೇ ಕಾನ್ಸಲ್ ಆದರು. ಇಟಲಿ ಆಳುತ್ತಿದ್ದ ಗಾತ್ ಎಂಬ ಜರ್ಮನಿಕ್ ಜನಾಂಗದ ದೊರೆ ಥಿಯೋಡರಿಕ್‌ನ ಆಸ್ಥಾನದಲ್ಲಿ ದೊಡ್ಡ ಹುದ್ದೆ. ರಾಜದ್ರೋಹದ ಆರೋಪಕ್ಕೆ ಸಿಕ್ಕಿದ್ದ ಅಲ್ಬೀನಸ್ ಎಂಬ ಸೆನೆಟರ್ ಪರ ಮಾತಾಡಿದ, ಅದೇ ಆರೋಪ ಇವನ ತಲೆಗೂ ಸುತ್ತಿಕೊಂಡಿತು. ಪುಸ್ತಕ ಬರೆದದ್ದು ಸೆರೆಯಲ್ಲಿ. ಸುಮಾರು 524ರಲ್ಲಿ ಅವನನ್ನು ಕೊಂದರು. ಅಂದರೆ ಬರೆದವನನ್ನು ಈ ಪುಸ್ತಕ ಉಳಿಸಲಿಲ್ಲ. ನನಗೆ ನಂಬಿಕೆ ಬಂದದ್ದೇ ಅದರಿಂದ. ಕಷ್ಟ ದಾಟಿ ದಡ ಸೇರಿದವರ ಉಪದೇಶ ಕೇಳುವ ತಾಳ್ಮೆ ಆಗ ನನಗಿರಲಿಲ್ಲ.

ಪುಸ್ತಕದಲ್ಲಿ ತತ್ವಶಾಸ್ತ್ರವೇ ಒಬ್ಬ ಹೆಂಗಸಾಗಿ ಅವನ ಹತ್ತಿರ ಬರುತ್ತಾಳೆ. ಬಂದವಳೇ, ಹಾಸಿಗೆ ಪಕ್ಕ ನಿಂತು ಅವನ ಅಳುವಿಗೆ ಪದ ಕಟ್ಟಿಕೊಡುತ್ತಿದ್ದ ಕಾವ್ಯದೇವತೆಯರನ್ನು ಬೈದು ಓಡಿಸುತ್ತಾಳೆ. (ಆಮೇಲೆ ಪುಸ್ತಕದುದ್ದಕ್ಕೂ ಪದ್ಯ ಹೇಳುವವಳು ಅವಳೇ, ಅದು ಬೇರೆ ಮಾತು.) ಆದರೆ ತಕ್ಷಣ ಬುದ್ಧಿ ಹೇಳುವುದಿಲ್ಲ. ವೈದ್ಯರ ಸಹಾಯ ಬೇಕಾದರೆ ಗಾಯ ತೋರಿಸು ಅನ್ನುತ್ತಾಳೆ. ಅವನು ಉದ್ದಕ್ಕೆ ದೂರು ಹೇಳಿಕೊಳ್ಳುತ್ತಾನೆ. ಎಲ್ಲ ಕೇಳಿಸಿಕೊಂಡ ಮೇಲೆ, ಗಟ್ಟಿ ಔಷಧಿ ಈಗಲೇ ಬೇಡ, ಹಗುರವಾದದ್ದರಿಂದ ಶುರುಮಾಡೋಣ ಅನ್ನುತ್ತಾಳೆ. ಅವನಿಗಿಂತ ಹಿಂದಿನ ರೋಮನ್ ತತ್ವಜ್ಞಾನಿ ಸೆನೆಕಾ ಕೂಡ ಹೀಗೇ. ಕ್ರಿ.ಶ. 41ರಲ್ಲಿ ಕಾರ್ಸಿಕಾ ದ್ವೀಪಕ್ಕೆ ಗಡಿಪಾರಾದ ಮೇಲೆ ತಾಯಿಗೆ ಸಮಾಧಾನ ಹೇಳಿ ಬರೆದ. ದುಃಖ ಹಸಿಯಾಗಿದ್ದಾಗ ಸಮಾಧಾನದ ಮಾತೇ ಅದನ್ನು ಕೆಣಕುತ್ತದೆ, ಅದಕ್ಕೇ ಇಷ್ಟು ದಿನ ಕಾದೆ ಅನ್ನುತ್ತಾನೆ. ಅದೇ ದ್ವೀಪದಿಂದ, ವಾಪಸ್ ಕರೆಸಿಕೊಳ್ಳಲಿ ಅಂತ ಚಕ್ರವರ್ತಿಯ ಕಡೆಯವನೊಬ್ಬನನ್ನು ಹೊಗಳಿಯೂ ಬರೆದಿದ್ದಾನೆ. ಇದನ್ನು ಓದಿ ನಗು ಬಂತು, ಸ್ವಲ್ಪ ಧೈರ್ಯವೂ ಬಂತು.

ಹಾಗಾಗಿ ನಾನೂ ಮೊದಲು ದೂರು ಬರೆದೆ. ಒಂದು ನೋಟ್‌ಬುಕ್ ತೆಗೆದುಕೊಂಡು ಎಡಪುಟದಲ್ಲಿ ಮಾತ್ರ. ಯಾರು ಏನು ಮಾಡಿದರು, ಎಷ್ಟು ಬಾಕಿ, ಯಾರು ಫೋನ್ ಎತ್ತಲಿಲ್ಲ, ಎಲ್ಲವೂ. ಸಿಟ್ಟನ್ನು ಚಂದ ಮಾಡಲು ಹೋಗಲಿಲ್ಲ. ಬರೆಯಲು ಹೊಸದೇನೂ ಉಳಿಯದೆ ಅದೇ ಅದೇ ಸಾಲು ಬರತೊಡಗಿದಾಗ ಬಲಪುಟಕ್ಕೆ ಬಂದೆ.

ಬಲಪುಟ ಅದೃಷ್ಟದೇವಿಯದು. ಈ ಉಪಾಯ ಬೊಯೀಥಿಯಸ್ ಪುಸ್ತಕದ ಎರಡನೇ ಭಾಗದಿಂದ ಎತ್ತಿದ್ದು. ಅಲ್ಲಿ ಅದೃಷ್ಟದ ಪರವಾಗಿ ವಾದ ನಡೆಯುತ್ತದೆ: ನೀನು ಹುಟ್ಟಿದಾಗ ಬರಿಗೈಲಿದ್ದೆ, ಸಾಕಿದವಳು ನಾನು, ನನ್ನದನ್ನು ನಾನು ವಾಪಸ್ ತೆಗೆದುಕೊಂಡೆ, ನಿನ್ನದೇನು ಕದ್ದೆ? ಚಕ್ರ ತಿರುಗಿಸುವುದೇ ನನ್ನ ಕೆಲಸ. ಹತ್ತುವಾಗ ಖುಷಿಪಟ್ಟೆಯಲ್ಲ, ಇಳಿಯುವಾಗ ಅನ್ಯಾಯ ಅಂದರೆ ಹೇಗೆ? ಇದನ್ನು ಬರೀ ಓದಿದರೆ ವಕೀಲರ ಮಾತಿನಂತೆ ಕೇಳುತ್ತದೆ. ನನ್ನ ಲೆಕ್ಕಪುಸ್ತಕ ಪಕ್ಕಕ್ಕಿಟ್ಟುಕೊಂಡು ಅವಳ ಪರವಾಗಿ ನಾನೇ ಬರೆದಾಗ ಬೇರೆಯೇ ಆಯಿತು. ಎಡಪುಟದಲ್ಲಿ 'ನನಗೇ ಯಾಕೆ?' ಅಂತ ಇತ್ತು. ಅದರ ಎದುರು ಅವಳು ಕೇಳಿದಳು: ಪ್ರೆಸ್‌ಗೆ ಮೊದಲ ದೊಡ್ಡ ಆರ್ಡರ್ ಬಂದಾಗ 'ನನಗೇ ಯಾಕೆ' ಅಂತ ಕೇಳಿದ್ಯಾ? ಆ ಆರ್ಡರ್ ಬಂದದ್ದು ಇನ್ನೊಬ್ಬರ ಪ್ರೆಸ್ ಮುಚ್ಚಿದ್ದರಿಂದ. ಅವರ ಗಿರಾಕಿಯೇ ನನ್ನ ಹತ್ತಿರ ಬಂದದ್ದು. ಅದನ್ನು ನಾನು ನನ್ನ ದುಡಿಮೆ ಅಂತಲೇ ಲೆಕ್ಕಕ್ಕೆ ಹಿಡಿದಿದ್ದೆ. ಪೆನ್ ಕೆಳಗಿಟ್ಟು ತುಂಬಾ ಹೊತ್ತು ಕೂತೆ. ಬಾಕಿ ಕೊಡದವರ ಮೇಲಿನ ಸಿಟ್ಟು ಕಡಿಮೆಯಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಆದರೆ ಇಡೀ ಲೋಕ ನನ್ನೊಬ್ಬನ ವಿರುದ್ಧ ನಿಂತಿದೆ ಅನ್ನುವ ಭಾವನೆ ಅವತ್ತಿನಿಂದ ಸಡಿಲವಾಯಿತು. ರಾತ್ರಿ ನಿದ್ದೆ ಬರತೊಡಗಿತು.

ಉಳಿದಿರುವುದನ್ನು ಲೆಕ್ಕ ಹಾಕು ಅನ್ನುವ ಸಲಹೆಯೂ ಆ ಭಾಗದಲ್ಲಿದೆ. ಹೆಂಡತಿ, ಮಕ್ಕಳು, ಮಾವ ಸಿಮ್ಮಾಕಸ್ ಇನ್ನೂ ಇದ್ದಾರಲ್ಲ ಅಂತ ತತ್ವಶಾಸ್ತ್ರದ ಹೆಂಗಸು ಬೊಯೀಥಿಯಸ್‌ಗೆ ನೆನಪಿಸುತ್ತಾಳೆ. ಇದರ ಮೇಲೆ ನಾನು ಜಾಸ್ತಿ ಭಾರ ಹಾಕಲಿಲ್ಲ. ಬೊಯೀಥಿಯಸ್ ಸತ್ತ ಸ್ವಲ್ಪ ಕಾಲಕ್ಕೆ ಥಿಯೋಡರಿಕ್ ಆ ಸಿಮ್ಮಾಕಸ್‌ನನ್ನೂ ಕೊಲ್ಲಿಸಿದ. ಅವಳೂ ಅಲ್ಲಿಗೇ ನಿಲ್ಲಿಸುವುದಿಲ್ಲ. ಕಳೆದುಕೊಳ್ಳಬಹುದಾದ ಯಾವುದೂ ಪೂರ್ತಿ ಸುಖ ಕೊಡಲಾರದು ಅಂತ ಮೂರನೇ ಭಾಗದಲ್ಲಿ ಹಣ, ಅಧಿಕಾರ, ಹೆಸರು ಒಂದೊಂದನ್ನೂ ಬಿಡಿಸಿ ನೋಡುತ್ತಾಳೆ. ನಾನು ಹಾಗೆ ಬಿಡಿಸಿದಾಗ ಒಂದು ವಿಷಯ ಗೊತ್ತಾಯಿತು. ಹಣ ಹೋದದ್ದಕ್ಕಿಂತ, 'ಪ್ರೆಸ್ ಓನರ್' ಅನ್ನಿಸಿಕೊಳ್ಳುವುದು ನಿಂತದ್ದೇ ನನ್ನನ್ನು ಜಾಸ್ತಿ ಕಾಡುತ್ತಿತ್ತು. ಅಷ್ಟು ಗೊತ್ತಾದ ಮೇಲೆ ಇನ್ನೊಬ್ಬರ ಕೈಕೆಳಗೆ ಪ್ರಿಂಟಿಂಗ್ ಪ್ಲೇಟ್ ಮಾಡುವ ಕೆಲಸಕ್ಕೆ ಸೇರಲು ಕಷ್ಟವಾಗಲಿಲ್ಲ.

ನಾಲ್ಕನೇ ಭಾಗದ ಜೊತೆ ಇವತ್ತಿಗೂ ನನ್ನ ತಕರಾರಿದೆ. ಕೆಟ್ಟದ್ದು ಮಾಡಿದವನು ಶಿಕ್ಷೆಯಾಗದೆ ಉಳಿದರೆ ಇನ್ನಷ್ಟು ದುಃಖಿ ಅನ್ನುತ್ತಾಳೆ. ನಾನು ನೋಡಿದವರು ಹಾಯಾಗಿದ್ದಾರೆ. ಅದರ ಎದುರಿನ ಪುಟ ಹಾಗೇ ಖಾಲಿ ಬಿಟ್ಟಿದ್ದೇನೆ. ಐದನೇ ಭಾಗದಲ್ಲಿ, ದೇವರಿಗೆ ಎಲ್ಲವೂ ಮೊದಲೇ ಗೊತ್ತಿದ್ದರೆ ನಮಗೆ ಸ್ವಾತಂತ್ರ್ಯ ಎಲ್ಲಿ ಅನ್ನುವ ಚರ್ಚೆ ಬರುತ್ತದೆ. ಚೆನ್ನಾಗಿದೆ. ಆದರೆ ಮೆಷಿನ್ ಮಾರಿದ ವಾರದಲ್ಲಿ ಓದುವಂಥದ್ದಲ್ಲ. ನಾನು ಅದನ್ನು ಹೊಸ ಕೆಲಸದಲ್ಲಿ ಕಾಲೂರಿದ ಮೇಲೆ, ರಜೆಯ ಮಧ್ಯಾಹ್ನಗಳಲ್ಲಿ ನಿಧಾನಕ್ಕೆ ಓದಿದೆ.