‘ಸ್ವಲ್ಪ ಮಂಪರು ಬರಿಸಿ ಸಾಕು’ ಅಂದಾಗ

"ಪೂರ್ತಿ ಅರಿವಳಿಕೆ ಏನೂ ಬೇಡ ಡಾಕ್ಟ್ರೇ, ಸ್ವಲ್ಪ ಮಂಪರು ಬರಿಸಿ ಸಾಕು." ಎಂಡೋಸ್ಕೋಪಿ ಕೋಣೆಯಿಂದಲೋ ಎಂಆರ್‌ಐ ಕಡೆಯಿಂದಲೋ ಕರೆ ಬಂದರೆ ಮಾತು ಶುರುವಾಗುವುದು ಹೀಗೇ. ನಾನು ಅರಿವಳಿಕೆ ಕೊಡುವ ಡಾಕ್ಟರು. ದೊಡ್ಡ ಆಪರೇಷನ್‌ಗಿಂತ ಈ ‘ಸ್ವಲ್ಪ’ಕ್ಕೇ ನಾನು ಜಾಸ್ತಿ ತಯಾರಿ ಮಾಡಿಕೊಳ್ಳುತ್ತೇನೆ. ದೊಡ್ಡ ಆಪರೇಷನ್‌ನಲ್ಲಿ ಗಂಟಲಿಗೆ ಟ್ಯೂಬ್ ಹಾಕಿರುತ್ತೇನೆ, ವೆಂಟಿಲೇಟರ್ ಉಸಿರಾಡಿಸುತ್ತಿರುತ್ತದೆ. ಮಂಪರಿನಲ್ಲಿ ರೋಗಿ ತಾನೇ ಉಸಿರಾಡಬೇಕು. ನಾನು ಕೊಡುವ ಔಷಧಿ ಅದೇ ಉಸಿರನ್ನು ಕುಗ್ಗಿಸುತ್ತಿರುತ್ತದೆ.

ಪುಸ್ತಕದಲ್ಲಿ ನಾಲ್ಕು ಹಂತ ಇವೆ: ಹಗುರ ಮಂಪರು, ಮಧ್ಯಮ, ಆಳ, ಪೂರ್ತಿ ಅರಿವಳಿಕೆ. ಇವುಗಳ ನಡುವೆ ಗೋಡೆ ಇಲ್ಲ. ಒಬ್ಬರಿಗೆ ಹಗುರವಾಗುವ ಡೋಸ್ ಇನ್ನೊಬ್ಬರನ್ನು ಸೀದಾ ಕೊನೆಯ ಹಂತಕ್ಕೆ ಇಳಿಸಿಬಿಡಬಹುದು. ಹಾಗಾಗಿ ನಾನು ಮಾತಾಡಿಸುತ್ತಲೇ ಇರುತ್ತೇನೆ. ಕರೆದಾಗ ಅಥವಾ ಹೆಗಲು ಮೆಲ್ಲಗೆ ತಟ್ಟಿದಾಗ ಸರಿಯಾಗಿ ಸ್ಪಂದಿಸಿದರೆ ಮಧ್ಯಮ. ಮತ್ತೆ ಮತ್ತೆ ಅಲುಗಾಡಿಸಬೇಕು, ನೋವು ಕೊಟ್ಟರಷ್ಟೇ ಸ್ಪಂದನೆ ಅಂದರೆ ಆಳ. ನೋವಿಗೂ ಎಚ್ಚರವಾಗಲಿಲ್ಲ ಅಂದರೆ, ಕಾಗದದ ಮೇಲೆ ಏನೇ ಬರೆದಿರಲಿ, ಅದು ಪೂರ್ತಿ ಅರಿವಳಿಕೆಯೇ. ಅದಕ್ಕೇ ಯಾವ ಹಂತ ಬೇಕೋ ಅದಕ್ಕಿಂತ ಒಂದು ಹಂತ ಆಳಕ್ಕೆ ಹೋದರೂ ನಿಭಾಯಿಸುವಷ್ಟು ಸಾಮಾನು ಪಕ್ಕದಲ್ಲಿದ್ದರೆ ಮಾತ್ರ ಶುರು ಮಾಡುತ್ತೇನೆ.

ಮೊದಲು ಪ್ರಶ್ನೆಗಳು. "ಖಾಲಿ ಹೊಟ್ಟೆ ಅಲ್ವಾ?" ಅಂತ ನಾನು ಕೇಳುವುದಿಲ್ಲ. ಹೆದರಿ ಮಲಗಿದವರು ಎಲ್ಲದಕ್ಕೂ ಹೂಂ ಅನ್ನುತ್ತಾರೆ. "ಕೊನೆಯದಾಗಿ ಬಾಯಿಗೆ ಏನು ಹಾಕಿಕೊಂಡಿರಿ, ಎಷ್ಟು ಗಂಟೆಗೆ?" ಅಂತ ಕೇಳುತ್ತೇನೆ. ಆಗ ಹಾಲು ಹಾಕಿದ ಕಾಫಿ ಹೊರಗೆ ಬರುತ್ತದೆ. "ಕಾಫಿ ಅಷ್ಟೇ, ತಿಂಡಿ ಏನೂ ತಿಂದಿಲ್ಲ" ಅನ್ನುತ್ತಾರೆ, ಪಾಪ. ನೀರಿಗೆ 2 ಗಂಟೆ, ಎದೆಹಾಲಿಗೆ 4, ಬೇರೆ ಹಾಲಿಗೆ ಮತ್ತು ಹಗುರ ಊಟಕ್ಕೆ 6, ಕರಿದದ್ದು, ಮಾಂಸ ತಿಂದಿದ್ದರೆ 8 ಗಂಟೆ ಅಂತರ ಬೇಕು. ಮಂಪರು ಆಳವಾದರೆ ಕೆಮ್ಮಿ ಗಂಟಲನ್ನು ಕಾಯುವ ಶಕ್ತಿ ಹೋಗುತ್ತದೆ, ಹೊಟ್ಟೆಯ ಹುಳಿ ಶ್ವಾಸಕೋಶಕ್ಕೆ ಇಳಿಯಬಹುದು. ತೂಕ ಇಳಿಸಲು ಇಂಜೆಕ್ಷನ್ ತೆಗೆದುಕೊಳ್ಳುತ್ತೀರಾ ಅಂತಲೂ ಈಗ ತಪ್ಪದೆ ಕೇಳುತ್ತೇನೆ. ಸೆಮಾಗ್ಲುಟೈಡ್‌ನಂಥ ಔಷಧಿಗಳಿಂದ ಹೊಟ್ಟೆ ಖಾಲಿಯಾಗುವುದು ನಿಧಾನ.

ಹೆಸರನ್ನೂ ಹಾಗೇ, ಅವರ ಬಾಯಿಂದಲೇ ಹೇಳಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಸುರಕ್ಷತಾ ಪಟ್ಟಿ ಓಟಿಯಲ್ಲಿ (ಆಪರೇಷನ್ ಥಿಯೇಟರ್) ಗೋಡೆಗೇ ಅಂಟಿರುತ್ತದೆ: ಅರಿವಳಿಕೆಗೆ ಮುಂಚೆ, ಚರ್ಮ ಕೊಯ್ಯುವ ಮುಂಚೆ, ರೋಗಿ ಹೊರಹೋಗುವ ಮುಂಚೆ, ಹೀಗೆ ಮೂರು ಸಲ ನಿಂತು ಕೇಳಬೇಕು. ಓಟಿಯಿಂದ ಆಚೆ ಬಂದರೆ ಅದೇ ಜನ ಅದೇ ಪಟ್ಟಿಯನ್ನು ಮರೆತುಬಿಡುತ್ತಾರೆ, ಯಾಕೋ ಗೊತ್ತಿಲ್ಲ. ನಾನು ಜೋರಾಗಿಯೇ ಓದುತ್ತೇನೆ. ಗೊಣಗುವವರು ಗೊಣಗಲಿ. ಜೊತೆಗೆ ಬಾಯಿ ಎಷ್ಟು ತೆರೆಯುತ್ತದೆ, ಅಲುಗಾಡುವ ಹಲ್ಲು ಇದೆಯಾ, ರಾತ್ರಿ ಗೊರಕೆ ಜೋರಾ ಅಂತ ನೋಡಿಕೊಳ್ಳುತ್ತೇನೆ. ಗೊರಕೆ ಜೋರಾಗಿದ್ದರೆ ಮಂಪರಿನಲ್ಲಿ ಗಂಟಲು ಮುಚ್ಚಿಕೊಳ್ಳುವ ಸಾಧ್ಯತೆ ಜಾಸ್ತಿ.

ಇನ್ನು ಸಾಮಾನು. ಇದೆಯಾ ಅಂತ ಕೇಳಿ ಬಿಡುವುದಿಲ್ಲ, ಮುಟ್ಟಿ ನೋಡುತ್ತೇನೆ. ಬಾಯಿ, ಗಂಟಲಲ್ಲಿ ತುಂಬಿದ್ದನ್ನು ಹೀರಿ ತೆಗೆಯುವ ಸಕ್ಷನ್ ಆನ್ ಮಾಡಿ ಪೈಪಿನ ತುದಿಗೆ ಬೆರಳು ಇಟ್ಟರೆ ಅದು ಗಟ್ಟಿಯಾಗಿ ಎಳೆಯಬೇಕು. ಆಮೇಲೆ ಆ ಪೈಪು ದಿಂಬಿನ ಪಕ್ಕಕ್ಕೆ. ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗಿನ ಬಾಯನ್ನು ಅಂಗೈಯಿಂದ ಮುಚ್ಚಿ ಒತ್ತುತ್ತೇನೆ. ಬ್ಯಾಗು ಬಿಗಿಯಾಗಿ ಎದುರು ಒತ್ತಬೇಕು, ಮೆತ್ತಗೆ ಕುಸಿದರೆ ಎಲ್ಲೋ ಗಾಳಿ ಸೋರುತ್ತಿದೆ ಅಂತ ಅರ್ಥ. ಸಿಲಿಂಡರ್ ತೆರೆದು ಮೀಟರ್ ನೋಡುತ್ತೇನೆ. ಟ್ಯೂಬ್ ಹಾಕಲು ಗಂಟಲೊಳಗೆ ನೋಡುವ ಲಾರಿಂಗೋಸ್ಕೋಪ್ ಬಿಚ್ಚಿ ಬಲ್ಬು ಉರಿಯುತ್ತದಾ ನೋಡುತ್ತೇನೆ. ಎಂಆರ್‌ಐನಲ್ಲಿ ಇನ್ನೊಂದು ತಾಪತ್ರಯ. ಅಲ್ಲಿನ ಅಯಸ್ಕಾಂತ ಯಾವಾಗಲೂ ಆನ್. ಸಾಮಾನ್ಯ ಉಕ್ಕಿನ ಸಿಲಿಂಡರ್ ಒಳಗೆ ತಂದರೆ ಅದು ಹಾರಿ ಹೋಗಿ ಬಡಿಯುತ್ತದೆ. ಉಸಿರು ನಿಂತರೆ ಸಾಮಾನನ್ನು ಒಳಗೆ ತರುವುದಲ್ಲ, ರೋಗಿಯನ್ನು ಹೊರಗೆ ಎಳೆಯಬೇಕು. ಯಾರು ಕಾಲಿನ ಕಡೆ, ಯಾರು ಬಾಗಿಲಿಗೆ ಅಂತ ಮೊದಲೇ ಹೇಳಿರುತ್ತೇನೆ.

ಮಂಪರು ತರಿಸುವ ಪ್ರೊಪೊಫಾಲ್ ಹಾಲಿನ ಹಾಗೆ ಬಿಳಿ, ಗುರುತು ಸಿಗುತ್ತದೆ. ಮಂಪರಿನ ಮಿಡಜೊಲಾಮ್, ನೋವು ತಗ್ಗಿಸುವ ಫೆಂಟನಿಲ್, ನಿಧಾನವಾದ ಎದೆಬಡಿತ ಏರಿಸುವ ಅಟ್ರೋಪಿನ್, ಸಿರಿಂಜಿಗೆ ಎಳೆದ ಮೇಲೆ ಎಲ್ಲವೂ ನೀರಿನಂತೆಯೇ. ಹಾಗಾಗಿ ಬಣ್ಣದ ಲೇಬಲ್: ಮಿಡಜೊಲಾಮ್‌ಗೆ ಕಿತ್ತಳೆ, ಫೆಂಟನಿಲ್‌ಗೆ ನೀಲಿ, ಸ್ನಾಯು ಸಡಿಲಿಸುವ ಔಷಧಿಗೆ ಕೆಂಪು. ಲೇಬಲ್ ಇಲ್ಲದ ಸಿರಿಂಜು ಟ್ರೇನಲ್ಲಿ ಕಂಡರೆ ಸೀದಾ ಕಸಕ್ಕೆ, ಅದರಲ್ಲಿ ಏನೇ ಇರಲಿ.

ಔಷಧಿ ಕೊಡುವಾಗ ನಾನು ಸ್ವಲ್ಪ ಸೋಮಾರಿ. ಚೂರು ಕೊಟ್ಟು ಕಾಯುತ್ತೇನೆ. ಮಿಡಜೊಲಾಮ್ ಕೆಲಸ ತೋರಿಸಲು ಎರಡು ಮೂರು ನಿಮಿಷ ಬೇಕು, ವಯಸ್ಸಾದವರಲ್ಲಿ ಇನ್ನೂ ನಿಧಾನ. "ಇನ್ನೂ ಎಚ್ಚರ ಇದ್ದಾರಲ್ಲ, ಇನ್ನೊಂದು ಡೋಸ್ ಕೊಡಿ" ಅನ್ನುವ ಅವಸರದಲ್ಲೇ ಅನಾಹುತ ಆಗುವುದು. ಮಿಡಜೊಲಾಮ್ ಜೊತೆ ಫೆಂಟನಿಲ್ ಸೇರಿದರೆ ಉಸಿರಿನ ಮೇಲೆ ಹೊಡೆತ ಇಮ್ಮಡಿಯಾಗುತ್ತದೆ. ಮಿಡಜೊಲಾಮ್‌ಗೆ ಫ್ಲುಮಜೆನಿಲ್, ಫೆಂಟನಿಲ್‌ಗೆ ನಲೊಕ್ಸೋನ್ ಎದುರೌಷಧಿ ಇವೆ. ಪ್ರೊಪೊಫಾಲ್‌ಗೆ ಯಾವುದೂ ಇಲ್ಲ, ಇಳಿಯುವ ತನಕ ನಾವೇ ಉಸಿರಾಡಿಸಬೇಕು.

ಎಲ್ಲರ ಕಣ್ಣೂ ಪಲ್ಸ್ ಆಕ್ಸಿಮೀಟರ್ ಮೇಲೆ. ಜಪಾನಿನ ತಕುವೊ ಅಯೊಯಾಗಿ 1970ರ ದಶಕದಲ್ಲಿ ಕಂಡುಕೊಂಡ ಈ ಉಪಾಯಕ್ಕೆ ನಮ್ಮ ಇಡೀ ಕಸುಬು ಋಣಿ. ಆದರೆ ಅದು ಹೇಳುವುದು ರಕ್ತದ ಆಮ್ಲಜನಕದ ಬಗ್ಗೆ, ಉಸಿರಿನ ಬಗ್ಗೆ ಅಲ್ಲ. ಮೂಗಿಗೆ ಆಮ್ಲಜನಕ ಹಾಕಿದ್ದರೆ ಉಸಿರು ನಿಂತ ಮೇಲೂ ಸ್ವಲ್ಪ ಹೊತ್ತು 99 ಅಂತಲೇ ತೋರಿಸುತ್ತದೆ. ಪಂಪು ನಿಂತರೂ ಟ್ಯಾಂಕು ತುಂಬಿದ್ದರೆ ನಲ್ಲಿಯಲ್ಲಿ ನೀರು ಬರುತ್ತಲೇ ಇರುತ್ತದಲ್ಲ, ಹಾಗೆ. ಕ್ಯಾಪ್ನೋಗ್ರಾಫ್ ಹಾಗಲ್ಲ. ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಅಳೆಯುವುದರಿಂದ ಉಸಿರು ನಿಂತ ಕೂಡಲೇ ಅಲೆ ಚಪ್ಪಟೆಯಾಗುತ್ತದೆ. ಅದೂ ಇದ್ದು, ನನ್ನ ಒಂದು ಕೈ ರೋಗಿಯ ಗಲ್ಲದ ಕೆಳಗೇ ಇರುತ್ತದೆ. ಗೊರಕೆ ಶುರುವಾದರೆ ಗಲ್ಲ ಮೇಲೆತ್ತುತ್ತೇನೆ. ಎದೆ ಏರಿಳಿಯುತ್ತಿದ್ದೂ ಬೆರಳಿಗೆ ಬಿಸಿ ಗಾಳಿ ತಾಗದಿದ್ದರೆ ಗಂಟಲು ಮುಚ್ಚಿದೆ. ಸ್ಕೋಪ್ (ಎಂಡೋಸ್ಕೋಪಿ ಕೊಳವೆ) ಹಿಡಿದವರಿಗೆ ಇದೆಲ್ಲ ಗೊತ್ತಾಗುವುದಿಲ್ಲ, ಅವರ ಗಮನ ಪರದೆಯ ಮೇಲೆ. ಉಸಿರು ನೋಡುವವರು ಬೇರೆಯವರೇ ಆಗಿರಬೇಕು, ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಮುಖದ ಮೇಲಿನ ಗಂಟು ತೆಗೆಯುವುದಿದ್ದರೆ ಬೆಂಕಿಯ ಭಯವೂ ಸೇರುತ್ತದೆ. ಮುಚ್ಚಿದ ಬಟ್ಟೆಯ ಕೆಳಗೆ ಆಮ್ಲಜನಕ ಸೇರಿಕೊಂಡಿರುತ್ತದೆ, ಸುಟ್ಟು ರಕ್ತ ನಿಲ್ಲಿಸುವ ಕಾಟರಿ ಕಿಡಿ ಹಾರಿಸುತ್ತದೆ. ಚರ್ಮಕ್ಕೆ ಹಚ್ಚಿದ ಸ್ಪಿರಿಟ್ ಕನಿಷ್ಠ 3 ನಿಮಿಷ ಒಣಗಬೇಕು. ಆಮ್ಲಜನಕ ಬೇಕೇ ಬೇಕಾದರೆ 30 ಶೇಕಡಾ ಮೀರಿಸುವುದಿಲ್ಲ. ಕಾಟರಿ ಒತ್ತುವ ಮುಂಚೆ ನನಗೆ ಹೇಳಿ ಅಂತ ಸರ್ಜನ್ ಹತ್ತಿರ ಮೊದಲೇ ಮಾತಾಗಿರುತ್ತದೆ.

ಸ್ಕೋಪ್ ಹೊರಗೆ ಬಂದಾಗ ಎಲ್ಲರೂ ಹಗುರಾಗುತ್ತಾರೆ. ನನಗೆ ಆ ಹೊತ್ತೇ ಕಷ್ಟದ್ದು. ಇಷ್ಟು ಹೊತ್ತು ಕಿರಿಕಿರಿಯೇ ರೋಗಿಯನ್ನು ಎಚ್ಚರವಾಗಿಟ್ಟಿತ್ತು. ಈಗ ಅದು ಇಲ್ಲ, ಔಷಧಿ ಮಾತ್ರ ಒಳಗಿದೆ. ಮಾನಿಟರ್ ಬಿಚ್ಚಲು ಬಂದ ಕೈಯನ್ನು ತಡೆಯುತ್ತೇನೆ. ಎದುರೌಷಧಿ ಕೊಟ್ಟಿದ್ದರಂತೂ ಅದು ಬೇಗ ಇಳಿದು ಮೊದಲಿನ ಔಷಧಿ ಮತ್ತೆ ತಲೆ ಎತ್ತಬಹುದು, 2 ಗಂಟೆಯಾದರೂ ಕಣ್ಣಿಟ್ಟಿರಬೇಕು.

ಮನೆಗೆ ಕಳಿಸುವಾಗ 24 ಗಂಟೆ ಗಾಡಿ ಓಡಿಸಬೇಡಿ, ಮುಖ್ಯ ಕಾಗದಕ್ಕೆ ಸಹಿ ಹಾಕಬೇಡಿ ಅನ್ನುತ್ತೇನೆ. ರೋಗಿ ತಲೆಯಾಡಿಸುತ್ತಾರೆ, ನಗುತ್ತಾರೆ, ಥ್ಯಾಂಕ್ಸ್ ಹೇಳುತ್ತಾರೆ. ಮಿಡಜೊಲಾಮ್ ದೆಸೆಯಿಂದ ಮಾರನೇ ದಿನ ಆ ಮಾತುಗಳು ಅವರ ನೆನಪಲ್ಲೇ ಇರುವುದಿಲ್ಲ. ಅದಕ್ಕೇ ಎಲ್ಲವನ್ನೂ ಬರೆದು, ಜೊತೆಗೆ ಬಂದವರ ಕೈಗೆ ಕೊಟ್ಟು, ಅವರಿಂದ ಒಮ್ಮೆ ಓದಿಸಿಯೇ ಕಳಿಸುತ್ತೇನೆ.