ಬೋರ್‌ವೆಲ್ ಪಕ್ಕ ಕಲಿತ ಫಿಸಿಕ್ಸ್: ನನ್ನ ಸಿಇಟಿ ತಯಾರಿ

ಹತ್ತನೇ ತರಗತಿವರೆಗೆ ನಾನು ಓದಿದ್ದು ಗದಗ ಜಿಲ್ಲೆಯ ಮುಳಗುಂದದ ಕಡೆಯ ನಮ್ಮೂರ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ. ಪಿಯುಸಿಗೆ ಸೈನ್ಸ್ ತಗೊಂಡು ಧಾರವಾಡಕ್ಕೆ ಬಂದು ಸಪ್ತಾಪುರದಲ್ಲಿ ರೂಮು ಹಿಡಿದೆ. ಕ್ಲಾಸಿನಲ್ಲಿ ಸ್ಪೀಡ್, ವೆಲಾಸಿಟಿ ಎರಡೂ ಒಂದೇ ಅಂದುಕೊಂಡು ವಾರಗಟ್ಟಲೆ ಬರೆದುಕೊಂಡೆ. ಜವ ಬೇರೆ, ದಿಕ್ಕು ಸೇರಿದರೆ ವೇಗ ಅಂತ ಒಂಬತ್ತನೇ ತರಗತಿಯಲ್ಲಿ ಚೆನ್ನಾಗಿಯೇ ಕಲಿತಿದ್ದೆ. ಇಂಗ್ಲಿಷ್ ಹೆಸರು ಕೇಳಿದಾಗ ಅದು ಇದೇ ಅಂತ ಹೊಳೆಯಲಿಲ್ಲ, ಅಷ್ಟೇ.

ಸೇರಿದ್ದ ಕೋಚಿಂಗಿನಲ್ಲಿ ಎರಡು ದಿನಕ್ಕೊಂದು ಪಾಠ ಮುಗಿಯುತ್ತಿತ್ತು. ಮೊದಲ ಟೆಸ್ಟಿನಲ್ಲಿ ಫಿಸಿಕ್ಸಿಗೆ 60ಕ್ಕೆ 17 ಬಂತು. ದಸರಾ ರಜೆಗೆ ಊರಿಗೆ ಹೋದವನು ಟ್ರಂಕಿನಿಂದ ಎಂಟು, ಒಂಬತ್ತು, ಹತ್ತರ ವಿಜ್ಞಾನ ಪುಸ್ತಕಗಳನ್ನು ಹೊರಗೆ ತೆಗೆದೆ. ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ ಬರೆಯುತ್ತ ಹೋದೆ. ಸಂವೇಗ, ಮೊಮೆಂಟಮ್. ಉತ್ಕರ್ಷಣ, ಆಕ್ಸಿಡೇಶನ್. ಕೆಳಗೆ ವ್ಯಾಖ್ಯೆಯ ಬದಲು ಮನೆಯಲ್ಲೋ ಹೊಲದಲ್ಲೋ ಕಂಡ ಒಂದು ಸಂಗತಿ. ಅಭಿಸರಣೆ, ಅಂದರೆ ಆಸ್ಮಾಸಿಸ್, ಅದರ ಕೆಳಗೆ ಬರೆದದ್ದು: ಅವ್ವ ಉಪ್ಪು ಹಾಕಿಟ್ಟ ಮಾವಿನಕಾಯಿ ಹೋಳು ರಾತ್ರಿ ಕಳೆಯುವುದರಲ್ಲಿ ನೀರು ಬಿಡುತ್ತದೆ.

ಕೆಲಸ, ಶಕ್ತಿ, ಸಾಮರ್ಥ್ಯ ಮಾತ್ರ ಎಷ್ಟು ಓದಿದರೂ ಕಲಸಿಹೋಗುತ್ತಿದ್ದವು. ಒಂದು ಮುಂಜಾನೆ ಹೊಲದಲ್ಲಿ ಕರೆಂಟ್ ಬಂದಾಗ ಪೈಪಿನ ಬಾಯಿಗೆ 200 ಲೀಟರಿನ ಬ್ಯಾರಲ್ ಇಟ್ಟು ಮೊಬೈಲಿನಲ್ಲಿ ಸೆಕೆಂಡ್ ಎಣಿಸಿದೆ.

‘ಏನ್ ಮಾಡಾಕತ್ತೀಯೋ ತಮ್ಮಾ?’ ಅಪ್ಪ ಬದುವಿನ ಮೇಲಿಂದ ಕೂಗಿದ.

‘ನೀರು ಎಷ್ಟು ಅಡಿಗೆ ಐತಿ ಅಪ್ಪಾ?’

‘ಎರಡನೂರಾ ಐವತ್ತಕ್ಕ ಐತಿ. ಯಾಕ?’

ಬ್ಯಾರಲ್ ತುಂಬಲು 67 ಸೆಕೆಂಡ್ ಹಿಡಿಯಿತು. ಅಂದರೆ ಸೆಕೆಂಡಿಗೆ 3 ಲೀಟರ್, 3 ಕಿಲೋ ನೀರು. 250 ಅಡಿ ಎಂದರೆ ಸುಮಾರು 75 ಮೀಟರ್. ಗುರುತ್ವವನ್ನು 10 ಅಂತ ಹಿಡಿದರೆ ಪ್ರತಿ ಸೆಕೆಂಡಿಗೆ ಆಗುವ ಕೆಲಸ 3×10×75, ಅಂದರೆ 2250 ಜೂಲ್. ಸೆಕೆಂಡಿಗೆ ಇಷ್ಟು ಜೂಲ್ ಅಂದಮೇಲೆ ಅದೇ 2250 ವ್ಯಾಟ್, ಸಾಮರ್ಥ್ಯ. ನಮ್ಮ ಮೋಟರು 5 ಎಚ್‌ಪಿ. ಒಂದು ಎಚ್‌ಪಿಗೆ 746 ವ್ಯಾಟಿನಂತೆ 3730. ಭಾಗಿಸಿದರೆ ದಕ್ಷತೆ ಸುಮಾರು ಶೇಕಡಾ 60. ಉಳಿದದ್ದು ಪಂಪಿನ ಒಳಗೆ, ಪೈಪಿನ ಘರ್ಷಣೆಯಲ್ಲಿ ಹೋಯಿತು. ಎಚ್‌ಪಿ ಸಾಮರ್ಥ್ಯವಾದರೆ, ಬಿಲ್ಲಿನಲ್ಲಿ ಬರುವ ಯೂನಿಟ್ ಶಕ್ತಿ, ಅದು ಕಿಲೋವ್ಯಾಟ್ ಅವರ್. ಆ ಬದುವಿನ ಮೇಲೆ ಕೂತು ಮಾಡಿದ ಒಂದೇ ಲೆಕ್ಕದಲ್ಲಿ ಆ ಪಾಠ ನನಗೆ ಪೂರ್ತಿ ಬಿಡಿಸಿಕೊಂಡಿತು. ಅವತ್ತಿನ ಖುಷಿ ರ‍್ಯಾಂಕ್ ಬಂದ ದಿನವೂ ಆಗಿಲ್ಲ.

ಕೆಮಿಸ್ಟ್ರಿಯಲ್ಲಿ ಮೋಲ್ ಕೂಡ ಹೀಗೇ ಬಗೆಹರಿಯಿತು. ಮೆಣಸಿನಕಾಯಿಯನ್ನು ಯಾರೂ ಎಣಿಸಿ ಮಾರುವುದಿಲ್ಲ, ತೂಗಿ ಮಾರುತ್ತೇವೆ. ಒಂದರ ತೂಕ ಗೊತ್ತಿದ್ದರೆ ಚೀಲದಲ್ಲಿ ಎಷ್ಟಿವೆ ಅಂತ ಹೇಳಬಹುದು. 18 ಗ್ರಾಂ ನೀರು ತೂಗಿದರೆ ಒಂದು ಮೋಲ್, ಅಂದರೆ 6.022×10²³ ಅಣು ಎಣಿಸಿದ ಹಾಗೆ. ಬಯಾಲಜಿಗೆ ಎನ್‌ಸಿಇಆರ್‌ಟಿ ಪುಸ್ತಕವನ್ನೇ ಸಾಲು ಬಿಡದೆ ಮೂರು ಸಲ ಓದಿದೆ, ಬೇರೇನೂ ಮಾಡಲಿಲ್ಲ.

ಹಳೆಯ ಪ್ರಶ್ನೆಪತ್ರಿಕೆಗಳನ್ನೇ ಮೊದಲು ಬಿಡಿಸು ಅಂತ ಎಲ್ಲರೂ ಹೇಳುತ್ತಿದ್ದರು. ನನಗೆ ಅವು ಕೆಲಸಕ್ಕೆ ಬಂದದ್ದು ಈ ನೋಟ್‌ಬುಕ್ ಮುಗಿದ ಮೇಲೆ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆಗೆ 80 ನಿಮಿಷ, ಪ್ರಶ್ನೆಗೆ 80 ಸೆಕೆಂಡ್. ಅಷ್ಟರಲ್ಲಿ ಸೂತ್ರ ನೆನಪಾಗದಿದ್ದರೆ ಆಯ್ಕೆಗಳ ಏಕಮಾನ ನೋಡುತ್ತಿದ್ದೆ. ಲೋಲಕದ ಆವರ್ತಕಾಲ, ಅಂದರೆ ಅದು ಒಮ್ಮೆ ತೂಗಿ ಮರಳಿ ಬರಲು ಹಿಡಿಯುವ ಸಮಯ ಕೇಳಿದ್ದರೆ ಉತ್ತರ ಸೆಕೆಂಡಿನಲ್ಲಿ ಬರಬೇಕು. ಉದ್ದವನ್ನು ಗುರುತ್ವದಿಂದ ಭಾಗಿಸಿ ವರ್ಗಮೂಲ ತೆಗೆದರೆ ಮಾತ್ರ ಸೆಕೆಂಡ್ ಬರುತ್ತದೆ. ತಲೆಕೆಳಗಾದ ಆಯ್ಕೆಗಳು ತಾವೇ ಬಿದ್ದುಹೋಗುತ್ತವೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವುದನ್ನೂ ಖಾಲಿ ಬಿಡಲಿಲ್ಲ.

ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿ ಅಗ್ರಿ ಸೀಟು ಸಿಕ್ಕಿತು. ಅದೇ ನೋಟ್‌ಬುಕ್ಕಿನ ಹಿಂದಿನ ಪುಟಗಳಿಂದ ಈಗ ಮಣ್ಣಿನ ಪಾಠದ ಪದಗಳನ್ನು ಬರೆಯುತ್ತಿದ್ದೇನೆ. ಮೊದಲ ಸಾಲು: ಎರೆಮಣ್ಣು, ವರ್ಟಿಸಾಲ್. ಅದರ ಕೆಳಗೆ, ಬೇಸಿಗೆಯಲ್ಲಿ ನಮ್ಮ ಹೊಲದಲ್ಲಿ ಬಿಡುವ ಬಿರುಕು, ಕೈ ಹಾಕಿದರೆ ಮೊಣಕೈವರೆಗೆ ಇಳಿಯುತ್ತದೆ.