ಬ್ಯಾರೆಲ್ ನಟ್ಟೋ, ಶೋಲ್ಡರೋ: ಬೋಲ್ಟ್ ರೈಫಲ್ಲಿಗೆ ಹೊಸ ಬ್ಯಾರೆಲ್ ಕೂರಿಸುವ ಮುನ್ನ

ಅಮೆರಿಕದಲ್ಲಿ ಬೋಲ್ಟ್ ರೈಫಲ್ಲಿನ ಸವೆದ ಬ್ಯಾರೆಲ್ ಬದಲಿಸಹೊರಟವರು ಮೊದಲು ಕೇಳುವುದು ನಟ್ಟಿನಿಂದ ಬಿಗಿಯುವ ಬ್ಯಾರೆಲ್ಲೋ, ಶೋಲ್ಡರ್ ಎಂಬ ಮೆಟ್ಟಿಲಿಗೆ ತಾಗಿ ನಿಲ್ಲುವ ಬ್ಯಾರೆಲ್ಲೋ, ಯಾವುದು ಹೆಚ್ಚು ನಿಖರ ಎಂದು. ಆ ಪ್ರಶ್ನೆಯಿಂದ ಪ್ರಯೋಜನ ಕಡಿಮೆ. ಬೋರ್ ಚೆನ್ನಾಗಿದ್ದು ಚೇಂಬರನ್ನು ನೇರವಾಗಿ ಕೊರೆದಿದ್ದರೆ ಎರಡೂ ಬಗೆಯವು ಒಂದೇ ಮಟ್ಟದಲ್ಲಿ ಗುರಿ ಮುಟ್ಟುತ್ತವೆ. ನಿಜವಾಗಿ ಕೇಳಬೇಕಾದದ್ದು ಹೆಡ್‌ಸ್ಪೇಸನ್ನು ಯಾರು ನಿಗದಿ ಮಾಡುತ್ತಾರೆ ಎಂದು: ಮೇಜಿನ ಮುಂದೆ ಗೇಜ್ ಹಿಡಿದ ನೀವೋ, ಲೇತ್ ಮುಂದೆ ನಿಂತ ಮೆಷಿನಿಸ್ಟೋ?

ಬೋಲ್ಟ್ ಮುಖದಿಂದ ಚೇಂಬರಿನೊಳಗೆ ತೋಟಾ ತಡೆದು ನಿಲ್ಲುವ ಜಾಗದವರೆಗಿನ ದೂರವೇ ಹೆಡ್‌ಸ್ಪೇಸ್. ಅದನ್ನು ಪರೀಕ್ಷಿಸುವುದು ಗೇಜ್ ಎಂಬ, ತೋಟಾದ ಆಕಾರದ ಉಕ್ಕಿನ ತುಂಡುಗಳಿಂದ. .308 ವಿಂಚೆಸ್ಟರ್ ತೋಟಾಕ್ಕೆ ಗೋ (ಕನಿಷ್ಠ ಮಿತಿ) ಗೇಜ್ 1.630 ಇಂಚು, ನೋ-ಗೋ (ಗರಿಷ್ಠ ಮಿತಿ) 1.634. ಹೊಸ ಬ್ಯಾರೆಲ್ ಕೂರಿಸಿದಾಗ ಬೋಲ್ಟ್ ಗೋ ಮೇಲೆ ಸಲೀಸಾಗಿ ಮುಚ್ಚಬೇಕು, ನೋ-ಗೋ ಮೇಲೆ ಮುಚ್ಚಕೂಡದು. ಇದು ಕಡಿಮೆಯಾದರೆ ಬೋಲ್ಟ್ ಮುಚ್ಚುವುದಿಲ್ಲ, ಅಷ್ಟೇ. ಹೆಚ್ಚಾದರೆ ಹಿತ್ತಾಳೆ ಕೇಸ್ ಹಿಗ್ಗಿ ಬುಡದ ಹತ್ತಿರ ಹರಿಯುತ್ತದೆ, ಬಿಸಿ ಗ್ಯಾಸ್ ಹೊಡೆಯುವವರ ಮುಖದ ಕಡೆ ಬರಬಹುದು.

ಶೋಲ್ಡರ್ ಬ್ಯಾರೆಲ್ಲಿನಲ್ಲಿ ಥ್ರೆಡ್ಡಿನ ಮುಂದೆ ಒಂದು ಮೆಟ್ಟಿಲು ಕಡೆದಿರುತ್ತಾರೆ. ಅದು ರಿಸೀವರ್ (ಬ್ಯಾರೆಲ್ ಹತ್ತಿ ಕೂರುವ, ಬೋಲ್ಟ್ ಓಡಾಡುವ ಉಕ್ಕಿನ ಭಾಗ) ಮುಖಕ್ಕೋ, ರೆಮಿಂಗ್ಟನ್ 700ರಂಥದರಲ್ಲಿ ನಡುವೆ ಕೂರುವ, ಹಿನ್ನೊದೆತ ತಡೆಯುವ ರಿಕಾಯಿಲ್ ಲಗ್‌ಗೋ ತಾಗಿ ನಿಂತಾಗ ಹೆಡ್‌ಸ್ಪೇಸ್ ತಾನಾಗಿ ಸರಿಯಾಗಿರಬೇಕು. ನಟ್ ಪದ್ಧತಿಯಲ್ಲಿ ಆ ಮೆಟ್ಟಿಲಿಲ್ಲ. ಬ್ಯಾರೆಲ್ಲಿನ ಥ್ರೆಡ್ ಉದ್ದವಾಗಿರುತ್ತದೆ. ಗೇಜಿಗೆ ತಾಗುವವರೆಗೆ ತಿರುಗಿಸಿ, ಅಲ್ಲಿ ನಟ್ಟಿನಿಂದ ಬಿಗಿದು ಬೀಗ ಹಾಕಿದಂತೆ ಮಾಡುತ್ತಾರೆ. 1958ರಲ್ಲಿ ಬಂದ ಸ್ಯಾವೇಜ್ 110 ಇದನ್ನು ಜನಪ್ರಿಯಗೊಳಿಸಿತು. ರೂಗರ್ ಅಮೆರಿಕನ್ ರೈಫಲ್ಲಿನಲ್ಲೂ ನಟ್ಟೇ ಇದೆ. ರೆಮಿಂಗ್ಟನ್ 700ಕ್ಕೆ ಸ್ಯಾವೇಜ್ ಬಗೆಯ ನಟ್ ಹಾಕುವುದಕ್ಕೆ ರೆಮೇಜ್ ಎನ್ನುತ್ತಾರೆ.

ಆಯ್ಕೆಯನ್ನು ಮುಕ್ಕಾಲು ಪಾಲು ನಿಮ್ಮ ಆಕ್ಷನ್ನೇ (ರಿಸೀವರ್ ಮತ್ತು ಅದರ ಯಂತ್ರಭಾಗ) ಮಾಡಿಬಿಡುತ್ತದೆ. ಕಾರ್ಖಾನೆಯ ರೆಮಿಂಗ್ಟನ್ 700 ರಿಸೀವರುಗಳ ಅಳತೆ ಒಂದರಿಂದ ಇನ್ನೊಂದಕ್ಕೆ ಕೆಲವು ಸಾವಿರಾಂಶ ಇಂಚು ಸರಿಯುತ್ತದೆ. ಗೋ ಮತ್ತು ನೋ-ಗೋ ನಡುವೆ ಇರುವುದೇ ನಾಲ್ಕು ಸಾವಿರಾಂಶ. ಹಾಗಾಗಿ ಆಕ್ಷನ್ನನ್ನು ಅಳೆಯದೆ ಅದಕ್ಕೊಂದು ಸಿದ್ಧ ಶೋಲ್ಡರ್ ಬ್ಯಾರೆಲ್ ತರಿಸುವುದು ಜೂಜು. ಗನ್‌ಸ್ಮಿತ್ ಕೈಗೆ ಆಕ್ಷನ್, ಬೋಲ್ಟ್, ಲಗ್ ಮೂರನ್ನೂ ಕೊಡಬೇಕು, ಇಲ್ಲವೇ ನಟ್ ಆರಿಸಬೇಕು. ಇಂಪ್ಯಾಕ್ಟ್, ಡಿಫೈಯನ್ಸ್, ಝರ್ಮ್ಯಾಟ್ ಅಂಥ ಕಸ್ಟಮ್ ತಯಾರಕರ ಆಕ್ಷನ್‌ಗಳ ಮಾತು ಬೇರೆ. ಅವರು ಅಳತೆಯನ್ನು ಎಷ್ಟು ಬಿಗಿಯಾಗಿ ಹಿಡಿದಿರುತ್ತಾರೆಂದರೆ ಅದೇ ಮಾದರಿಗೆಂದು ಕಡೆದ ಶೋಲ್ಡರ್ ಪ್ರಿಫಿಟ್ (ಮೊದಲೇ ಅಳತೆಗೆ ಕಡೆದಿಟ್ಟ ಬ್ಯಾರೆಲ್) ತರಿಸಿ ಮನೆಯಲ್ಲೇ ಕೂರಿಸಬಹುದು. ಆದರೂ ಗೇಜ್ ಹಾಕಿ ನೋಡದೆ ಗುಂಡು ಹಾರಿಸಕೂಡದು.

ತರಿಸುವ ಮೊದಲು ಥ್ರೆಡ್ ಖಚಿತಪಡಿಸಿಕೊಳ್ಳಿ. ಸ್ಯಾವೇಜ್ ಸ್ಮಾಲ್ ಶ್ಯಾಂಕ್ (ಬ್ಯಾರೆಲ್ಲಿನ ಥ್ರೆಡ್ ಇರುವ ತುದಿ) 1.055 ಇಂಚು, ಲಾರ್ಜ್ ಶ್ಯಾಂಕ್ 1.120 ಇಂಚು, ಎರಡಕ್ಕೂ ಇಂಚಿಗೆ 20 ಥ್ರೆಡ್. ರೆಮಿಂಗ್ಟನ್ 700 ಎಂದರೆ 1.0625 ಇಂಚು, ಇಂಚಿಗೆ 16. ಹಿಂದೆ ಯಾರೋ ಗನ್‌ಸ್ಮಿತ್ ರೆಮಿಂಗ್ಟನ್ ಆಕ್ಷನ್ನನ್ನು ಟ್ರೂ ಮಾಡಿದ್ದರೆ (ನೇರವಾಗುವಂತೆ ಮರುಕಡೆದಿದ್ದರೆ) ಥ್ರೆಡ್ಡನ್ನು ಹಿಗ್ಗಿಸಿರಬಹುದು. ಅದರಲ್ಲಿ ಮಾಮೂಲಿ ಬ್ಯಾರೆಲ್ ಸಡಿಲವಾಗಿ ಅಲ್ಲಾಡುತ್ತದೆ. 1964ಕ್ಕೆ ಹಿಂದಿನ ವಿಂಚೆಸ್ಟರ್ 70, ಸ್ಪ್ರಿಂಗ್‌ಫೀಲ್ಡ್ 1903 ಇವುಗಳಲ್ಲಿ ಬ್ಯಾರೆಲ್ಲಿನ ಹಿಂಬದಿಯಲ್ಲೇ, ಖಾಲಿ ಕೇಸನ್ನು ಹಿಡಿದೆಳೆಯುವ ಎಕ್ಸ್‌ಟ್ರ್ಯಾಕ್ಟರಿಗೆ ಕಚ್ಚು ಕಡೆದಿರುತ್ತದೆ. ಆ ಕಚ್ಚು ಒಂದು ನಿರ್ದಿಷ್ಟ ಕೋನದಲ್ಲೇ ನಿಲ್ಲಬೇಕಾದ್ದರಿಂದ, ಹೆಡ್‌ಸ್ಪೇಸ್ ಸಿಕ್ಕಿದಲ್ಲಿ ಬ್ಯಾರೆಲ್ ನಿಲ್ಲಿಸುವ ನಟ್ ಅಲ್ಲಿಗೆ ಹೊಂದುವುದಿಲ್ಲ.

ಹಳೆಯ ಬ್ಯಾರೆಲ್ ಬಿಚ್ಚುವುದೇ ಹಲವು ಸಲ ದೊಡ್ಡ ಕೆಲಸ. ಮೇಜಿನ ಮೇಲೆ, ಆ ಕೋಣೆಯಲ್ಲಿ ಒಂದೂ ತೋಟಾ ಇರಬಾರದು. ಬ್ಯಾರೆಲ್ ವೈಸಿನಲ್ಲಿ ಅಲ್ಯುಮಿನಿಯಂ ಬುಶ್ ಹಾಕಿ, ಜಾರುತ್ತಿದ್ದರೆ ರಾಳದ ಪುಡಿ ಉದುರಿಸಿ ಬಿಗಿಯಿರಿ. ಆಕ್ಷನ್ ರೆಂಚ್ ರಿಸೀವರಿನ ಮುಂದಿನ ಉಂಗುರವನ್ನು ಮಾತ್ರ ಹಿಡಿಯಲಿ. ಹಿಂಬದಿಗೆ ಬಲ ಹಾಕಿದರೆ ರಿಸೀವರ್ ತಿರುಚಿಕೊಂಡು ಕೆಡುತ್ತದೆ. ಕಾರ್ಖಾನೆಯ ರೆಮಿಂಗ್ಟನ್ ಬ್ಯಾರೆಲ್ ಕದಲದೇ ಹೋದರೆ, ಅದು ಹೇಗೂ ಬೇಡವಾದ್ದಾದರೆ, ಶೋಲ್ಡರಿನ ಮುಂದೆ ಲೇತಿನಲ್ಲಿ ಸುತ್ತಲೂ ಒಂದು ತೋಡು ಕಡೆಸಿ. ಒತ್ತಡ ಸಡಿಲಿ ಬಂದುಬಿಡುತ್ತದೆ. ಕೆಲವು ಸ್ಯಾವೇಜ್ ನಟ್ಟುಗಳಿಗೆ ಕಚ್ಚುಗಳೇ ಇಲ್ಲ, ನುಣುಪು. ಅವಕ್ಕೆ ಸುತ್ತಲೂ ಅಪ್ಪಿ ಹಿಡಿಯುವ ರೆಂಚ್ ಬೇರೆಯೇ ಬೇಕು.

ನಟ್ ಕೂರಿಸುವ ಕ್ರಮ ಹೀಗೆ. ಬೋಲ್ಟಿನಿಂದ ಫೈರಿಂಗ್ ಪಿನ್ ಜೋಡಣೆಯನ್ನೂ ಖಾಲಿ ಕೇಸ್ ಹೊರಚಿಮ್ಮಿಸುವ ಎಜೆಕ್ಟರನ್ನೂ ತೆಗೆಯಿರಿ. ಅವುಗಳ ಸ್ಪ್ರಿಂಗ್ ಇದ್ದರೆ ಗೇಜ್ ತಾಗಿದ್ದು ಕೈಗೆ ಗೊತ್ತಾಗುವುದಿಲ್ಲ. ರಿಸೀವರ್ ಥ್ರೆಡ್, ಬೋಲ್ಟ್ ಮುಖ, ಚೇಂಬರ್ ಮೂರನ್ನೂ ಡಿಗ್ರೀಸರಿನಿಂದ ಒರೆಸಿ; ಒಂದು ಲೋಹದ ಚೂರು ಸಿಕ್ಕಿಕೊಂಡರೂ ಒಂದೆರಡು ಸಾವಿರಾಂಶದ ಲೆಕ್ಕ ತಪ್ಪುತ್ತದೆ. ಬ್ಯಾರೆಲ್ ಥ್ರೆಡ್ಡಿಗೆ ಆಂಟಿ-ಸೀಜ್ ತೆಳುವಾಗಿ ಸವರಿ. ಮೊದಲು ನಟ್ಟನ್ನು ಪೂರ್ತಿ ಮುಂದಕ್ಕೆ ಓಡಿಸಿ, ಆಮೇಲೆ ಲಗ್ ತೂರಿಸಿ, ಬ್ಯಾರೆಲ್ಲನ್ನು ರಿಸೀವರಿಗೆ ಕೆಲವು ಸುತ್ತು ಹತ್ತಿಸಿ. ಗೋ ಗೇಜನ್ನು ಎಕ್ಸ್‌ಟ್ರ್ಯಾಕ್ಟರಿನ ಅಡಿಗೆ ಸಿಕ್ಕಿಸಿ ಬೋಲ್ಟ್ ಮುಚ್ಚಿ, ಬ್ಯಾರೆಲ್ ಗೇಜಿಗೆ ಮುಟ್ಟುವವರೆಗೆ ಕೈಯಲ್ಲೇ ತಿರುಗಿಸಿ. ಬಲ ಬೇಡ, ಮುಟ್ಟಿದರೆ ಸಾಕು. ಲಗ್ ನೇರವಾಗಿ ಕೆಳಮುಖವಾಗಿರುವುದನ್ನು ನೋಡಿ ನಟ್ಟನ್ನು ಕೈಯಲ್ಲಿ ಬಿಗಿಯಿರಿ. ಟಾರ್ಕ್ (ತಿರುಗಿಸಿ ಬಿಗಿಯುವ ಬಲ) ಎಷ್ಟೆಂಬುದಕ್ಕೆ ಬ್ಯಾರೆಲ್ ಮಾಡಿದವರ ಸೂಚನೆಯೇ ಪ್ರಮಾಣ. ಸಾಮಾನ್ಯವಾಗಿ 50ರಿಂದ 80 ಫುಟ್-ಪೌಂಡ್ ನಡುವೆ ಇರುತ್ತದೆ.

ಬಹುತೇಕರು ಎಡವುವುದು ಈ ಬಿಗಿಯುವ ಹೊತ್ತಿನಲ್ಲೇ. ಆಕ್ಷನ್ನನ್ನು ವೈಸಿನಲ್ಲಿ ಹಿಡಿದು ನಟ್ ಬಿಗಿದರೆ, ನಟ್ ತನ್ನ ಜೊತೆ ಬ್ಯಾರೆಲ್ಲನ್ನೂ ಎಳೆದು ಒಳಕ್ಕೆ ತಿರುಗಿಸುತ್ತದೆ. ಹೆಡ್‌ಸ್ಪೇಸ್ ಕಡಿಮೆಯಾಗಿ ಬೋಲ್ಟ್ ಗೇಜಿನ ಮೇಲೆ ಬಿಗಿಯುತ್ತದೆ. ಬ್ಯಾರೆಲ್ಲನ್ನು ಹಿಡಿದು ಬಿಗಿದರೆ ಅದೇ ಘರ್ಷಣೆ ಲಗ್ಗನ್ನೂ ರಿಸೀವರನ್ನೂ ಬಿಚ್ಚುವ ದಿಕ್ಕಿಗೆ ಎಳೆಯುತ್ತದೆ, ಹೆಡ್‌ಸ್ಪೇಸ್ ಹೆಚ್ಚುತ್ತದೆ. ಜೊತೆಗೆ ಥ್ರೆಡ್ ನಡುವಿನ ಸಡಿಲನ್ನು ನಟ್ ಹೀರಿಕೊಂಡು ಬ್ಯಾರೆಲ್ಲನ್ನು ಕೂದಲೆಳೆಯಷ್ಟು ಮುಂದಕ್ಕೆ ಎಳೆಯುವುದೂ ಉಂಟು. ಇಂಚಿಗೆ 20 ಥ್ರೆಡ್ ಇದ್ದರೆ ಒಂದು ಸುತ್ತಿಗೆ 0.050 ಇಂಚು, ಅಂದರೆ ಏಳು ಡಿಗ್ರಿ ತಿರುಗಿದರೆ ಒಂದು ಸಾವಿರಾಂಶ. 16 ಥ್ರೆಡ್ಡಿನ ರೆಮೇಜಿನಲ್ಲಿ ಆರು ಡಿಗ್ರಿ ಸಾಕು, 23 ಡಿಗ್ರಿ ಸರಿದರೆ ಗೋದಿಂದ ನೋ-ಗೋಗೆ ಹೋಗಿಬಿಟ್ಟಿರಿ. ಆದ್ದರಿಂದ ಕೈಬಿಗಿ ಮಾಡಿದ ಮೇಲೆ ಬ್ಯಾರೆಲ್, ನಟ್, ರಿಸೀವರ್ ಮೂರಕ್ಕೂ ಅಡ್ಡಲಾಗಿ ಮಾರ್ಕರಿನಿಂದ ಒಂದು ಗೆರೆ ಎಳೆಯಿರಿ. ಟಾರ್ಕ್ ಆದಮೇಲೆ ಬ್ಯಾರೆಲ್ಲಿನ ಗೆರೆ ರಿಸೀವರಿನ ಗೆರೆಯಿಂದ ಎಷ್ಟು, ಯಾವ ಕಡೆಗೆ ಸರಿದಿದೆ ಎಂದು ಕಣ್ಣಿಗೇ ಕಾಣುತ್ತದೆ. ನಟ್ ಸಡಿಲಿಸಿ, ಅಷ್ಟನ್ನು ಮೊದಲೇ ಎದುರು ದಿಕ್ಕಿಗೆ ಕೊಟ್ಟು ಮತ್ತೆ ಬಿಗಿಯಿರಿ. ಎರಡು ಮೂರು ಸಲ ಮಾಡಬೇಕಾಗಿ ಬಂದರೆ ಅದು ಸಹಜ.

ನೋ-ಗೋ ಗೇಜ್ ಇಲ್ಲದವರು ಗೋ ಗೇಜಿನ ಬುಡಕ್ಕೆ ಸೆಲ್ಲೋಟೇಪ್ ಅಂಟಿಸುತ್ತಾರೆ. ಒಂದು ಪದರ ಸುಮಾರು ಎರಡು ಸಾವಿರಾಂಶ. ಟೇಪಿನ ದಪ್ಪವನ್ನು ಮೈಕ್ರೋಮೀಟರಿನಲ್ಲಿ ಅಳೆದೇ ನಂಬಿ. ತೋಟಾವನ್ನೇ ಗೇಜ್ ಮಾಡಿಕೊಳ್ಳುವ ಅಭ್ಯಾಸ ಮಾತ್ರ ಖಂಡಿತ ಬೇಡ. ತೋಟಾಗಳ ಅಳತೆ ಒಂದರಿಂದೊಂದಕ್ಕೆ ಬದಲಾಗುತ್ತದೆ, ಮೇಲಾಗಿ ಅದು ಜೀವಂತ ಮದ್ದು.

ಶೋಲ್ಡರ್ ಕೂರಿಸುವುದರಲ್ಲಿ ಹೇಳುವಂಥದ್ದು ಕಡಿಮೆ: ಸ್ವಚ್ಛ ಮಾಡು, ಆಂಟಿ-ಸೀಜ್ ಹಚ್ಚು, ಲಗ್ ನೇರ ಮಾಡು, ತಯಾರಕರು ಹೇಳಿದಷ್ಟು ಬಿಗಿ, ಗೇಜ್ ಹಾಕು. ನೋ-ಗೋ ಮೇಲೆ ಮುಚ್ಚಿದರೆ ನೀವು ಮಾಡುವುದೇನೂ ಇಲ್ಲ. ಬ್ಯಾರೆಲ್ ವಾಪಸ್ ಹೋಗಿ ಶೋಲ್ಡರ್ ಇನ್ನಷ್ಟು ಮುಂದಕ್ಕೆ ಸರಿಯುವಂತೆ ಕಡೆಸಿಕೊಂಡು ಬರಬೇಕು. ಆದರೆ ಲಗ್ಗಿನ ದಪ್ಪದ ಬಗ್ಗೆ ಎಚ್ಚರ. ಕಾರ್ಖಾನೆಯ ರೆಮಿಂಗ್ಟನ್ ಲಗ್ ಸುಮಾರು 0.187 ಇಂಚು, ಕೆಲವು ಕಸ್ಟಮ್ ಲಗ್‌ಗಳು 0.250. ತೆಳು ಲಗ್ಗಿಗೆಂದು ಕಡೆದ ಶೋಲ್ಡರ್ ಬ್ಯಾರೆಲ್ಲಿಗೆ ದಪ್ಪದ್ದನ್ನು ಹಾಕಿದರೆ ಹೆಡ್‌ಸ್ಪೇಸ್ 63 ಸಾವಿರಾಂಶ ಹೆಚ್ಚುತ್ತದೆ, ಅದು ನೇರ ಅಪಘಾತ. ನಟ್ ಪದ್ಧತಿಯಲ್ಲಿ ಲಗ್ ಎಷ್ಟೇ ದಪ್ಪವಿದ್ದರೂ ನಟ್ ಸ್ವಲ್ಪ ಮುಂದೆ ನಿಲ್ಲುತ್ತದೆ, ಹೆಡ್‌ಸ್ಪೇಸಿಗೆ ಧಕ್ಕೆಯಿಲ್ಲ. ಬೋಲ್ಟ್ ಬದಲಿಸಿದರೆ ಮಾತ್ರ ಎರಡರಲ್ಲೂ ಮತ್ತೆ ಗೇಜ್ ಹಾಕಲೇಬೇಕು.

ಒಂದೇ ಆಕ್ಷನ್ನಿಗೆ ಎರಡು ಬ್ಯಾರೆಲ್ ಇಟ್ಟುಕೊಂಡು, ಒಮ್ಮೆ .308, ಒಮ್ಮೆ 6.5 ಕ್ರೀಡ್‌ಮೂರ್ ಎಂದು ಬದಲಿಸುತ್ತಿರುವವರಿಗೆ ಶೋಲ್ಡರೇ ಸರಿ. ಅದು ಪ್ರತಿಸಲವೂ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ನಟ್ಟಿನಲ್ಲಿ ಪ್ರತಿ ಬದಲಾವಣೆಗೂ ಗೇಜಿನ ಪೂರ್ತಿ ಕೆಲಸ. ಬ್ಯಾರೆಲ್ ಸವೆದಾಗ ಕೆಲವು ವರ್ಷಕ್ಕೊಮ್ಮೆ ಬದಲಿಸುವವರಿಗೆ, ಅದರಲ್ಲೂ ಸ್ಯಾವೇಜ್ ಅಥವಾ ಕಾರ್ಖಾನೆಯ ರೆಮಿಂಗ್ಟನ್ ಇದ್ದವರಿಗೆ, ನಟ್ ಲೇತ್ ಖರ್ಚನ್ನೂ ಕಾಯುವ ತಿಂಗಳುಗಳನ್ನೂ ಉಳಿಸುತ್ತದೆ. ಒಂದು ಸಣ್ಣ ತೊಂದರೆಯೆಂದರೆ ರೆಮೇಜ್ ನಟ್ ಬ್ಯಾರೆಲ್ಲಿಗಿಂತ ದಪ್ಪವಿದ್ದು ಸ್ಟಾಕಿನ ಕಾಲುವೆಗೆ ತಾಗಬಹುದು. ಅಲ್ಲಿ ಮರ ಅಥವಾ ಫೈಬರ್ ಕೆರೆದು ಜಾಗ ಬಿಡಬೇಕು. ತಾಗಿದ ನಟ್ ಗುರಿಹಲಗೆಯಲ್ಲಿ ಗುಂಡುಗಳ ಗುಂಪನ್ನು ಚದುರಿಸುತ್ತದೆ, ಆಮೇಲೆ ಜನ ಬ್ಯಾರೆಲ್ಲನ್ನು ಬೈಯುತ್ತಾರೆ.

ಭಾರತದಲ್ಲಿರುವ ಓದುಗರು ಗಮನಿಸಬೇಕಾದದ್ದು: 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ವಿಧಿಯಂತೆ ಕೋವಿ ತಯಾರಿಕೆಗಷ್ಟೇ ಅಲ್ಲ, ರಿಪೇರಿಗೂ ಪರೀಕ್ಷೆಗೂ ಲೈಸೆನ್ಸ್ ಬೇಕು. ಇಲ್ಲಿ ಬ್ಯಾರೆಲ್ ಕೆಲಸ ಲೈಸೆನ್ಸ್ ಇರುವ ಗನ್‌ಸ್ಮಿತ್ ಅಂಗಡಿಯದ್ದು, ಮನೆಯದ್ದಲ್ಲ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು.

ಜೋಡಣೆ ಮುಗಿದ ಮೇಲೆ ಎಜೆಕ್ಟರನ್ನೂ ಫೈರಿಂಗ್ ಪಿನ್ನನ್ನೂ ವಾಪಸ್ ಹಾಕಿ, ಬೋರಿನಲ್ಲಿ ಏನೂ ಇಲ್ಲವೆಂದು ಖಚಿತಪಡಿಸಿಕೊಂಡು, ರೇಂಜಿನಲ್ಲಿ ಮೊದಲು ಕಾರ್ಖಾನೆಯ ಹೊಸ ತೋಟಾಗಳನ್ನೇ ಹಾರಿಸಿ. ಪ್ರತಿ ಖಾಲಿ ಕೇಸನ್ನೂ ಎತ್ತಿ ನೋಡಿ. ಬುಡದಿಂದ ಸ್ವಲ್ಪ ಮೇಲೆ ಹೊಳೆಯುವ ಉಂಗುರ ಕಂಡರೆ, ಪ್ರೈಮರ್ ಹೊರಗೆ ಚಾಚಿದ್ದರೆ ಅಲ್ಲಿಗೇ ನಿಲ್ಲಿಸಿ. ಕೆಲವು ಗುಂಡುಗಳ ನಂತರ ಬ್ಯಾರೆಲ್, ರಿಸೀವರುಗಳ ಮೇಲಿನ ಮಾರ್ಕರ್ ಗೆರೆ ಕೂಡಿಕೊಂಡೇ ಇದೆಯೇ ಎಂದು ನೋಡಿ. ಸರಿದಿದ್ದರೆ ನಟ್ ಸಡಿಲಾಗಿದೆ ಎಂದರ್ಥ. ಗೇಜಿನಿಂದ ಮತ್ತೆ ಮೊದಲಿನಿಂದ ಶುರು ಮಾಡಬೇಕು.